ಅರವತ್ತು ರೂಪಾಯಿಯ ತುರ್ತು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಹೊಲಿಗೆಯಂಗಡಿಗೂ ಗಡಿಯಾರ ರಿಪೇರಿಗೂ ನಡುವೆ
ಮೂರಡಿ ಜಾಗ ನನ್ನದು.
ಮೂವತ್ತೊಂದು ವರ್ಷ ರಬ್ಬರಿನಲ್ಲಿ
ಅಕ್ಷರ ತಿರುಗಿಸಿ ಕೊರೆದಿದ್ದೇನೆ.
ಅಚ್ಚಿನಲ್ಲಿ ನೆಟ್ಟಗೆ ಕಂಡರೆ ಕಾಗದದಲ್ಲಿ ತಪ್ಪು:
ಕಸುಬಿನ ಮೊದಲ ಪಾಠ,
ಅಬ್ಬಾ ಕಪಾಳಕ್ಕೆ ಕೊಟ್ಟು ಕಲಿಸಿದ್ದು.

ಇವತ್ತು ದೇವೀರಮ್ಮ ಬಂದಳು,
ಮಹಿಳಾ ಸಂಘದ ಖಜಾಂಚಿ.
ಹಳೇ ಮೊಹರು ಸವೆದಿದೆ, ಹೊಸದು ಬೇಕು.
ಅಳತೆ ಬರೆದುಕೊಳ್ಳುವಾಗ ಅವಳ ಫೋನು ಟಿಣ್ಣೆಂದಿತು.
ಬ್ಯಾಂಕಿನ ಈಮೇಲ್. ಕೆಂಪಕ್ಷರ.
ಸಂಜೆ ಆರರೊಳಗೆ ಇಲ್ಲಿ ಒತ್ತದಿದ್ದರೆ ಖಾತೆ ಬಂದ್.
"ಹದಿನೇಳು ಹೆಂಗಸರ ದುಡ್ಡು ಖಲೀಲಣ್ಣ, ಒತ್ತಿಬಿಡಲಾ?"
ಹೆಬ್ಬೆರಳು ಆಗಲೇ ಗಾಜಿನ ಮೇಲೆ ನಡುಗುತ್ತಿತ್ತು.

ತಾಳಮ್ಮ, ಅಂದೆ.
ಪಕ್ಕದ ಗಡಿಯಾರದವನ ಮಸೂರ ಇಸಕೊಂಡೆ.
ಲಾಂಛನ ಸರಿ, ಬಣ್ಣ ಸರಿ, ಮ್ಯಾನೇಜರನ ಸಹಿಯೂ ಇದೆ.
ವಿಳಾಸದ ಸಾಲನ್ನು ಬಾಲದಿಂದ ಓದಿದೆ;
ಉರ್ದು ಕಲಿತ ಕಣ್ಣು, ಮೊಹರು ಕೊರೆದ ಕೈ,
ಎರಡಕ್ಕೂ ಬಲದಿಂದ ಎಡಕ್ಕೇ ರೂಢಿ.
ಎಂ ಇರಬೇಕಾದ ಕಡೆ ಒಂದು ಆರ್, ಒಂದು ಎನ್
ಮೈಗೆ ಮೈ ಅಂಟಿಸಿ ನಿಂತಿವೆ,
ಟಿಕೆಟ್ಟಿಲ್ಲದ ಇಬ್ಬರು ಒಂದೇ ಕಂಬಳಿ ಹೊದ್ದ ಹಾಗೆ.

ಹಿಂದೊಬ್ಬ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ,
ತಹಸೀಲ್ದಾರರ ಮೊಹರು ಬೇಕೆಂದು ಎರಡು ಸಾವಿರ ಮುಂದಿಟ್ಟ.
ಅಧಿಕಾರಪತ್ರ ಎಲ್ಲಿ ಅಂದೆ. ನಕ್ಕ. ನಾನು ನಗಲಿಲ್ಲ.
ಟೀ ಕುಡಿದು ಹೋದ, ಟೀ ದುಡ್ಡು ನಾನೇ ಕೊಟ್ಟೆ.
ಆಗ ಮೋಸಕ್ಕೂ ನನ್ನಂಥವನೊಬ್ಬ ಬೇಕಿತ್ತು,
ಈ ಹಲಗೆಯಾಚೆ ನಿಂತು ನನ್ನ ಮುಖ ನೋಡಬೇಕಿತ್ತು.
ಈಗ ಹಲಗೆ ಬೇಡ, ಟೀ ಬೇಡ.
ಎಲ್ಲಿಯದೋ ಕೋಣೆಯಿಂದ ನೇರ
ದೇವೀರಮ್ಮನ ಹೆಬ್ಬೆರಳಿಗೆ.

ಬಲ್ಲವನೆಂದು ಬೀಗುವಂತಿಲ್ಲ.
ಹೋದ ರಂಜಾನಿನಲ್ಲಿ, ಸಹರಿಗೆ ಎದ್ದ ನಿದ್ದೆಗಣ್ಣಲ್ಲಿ,
ಅರ್ಧ ಬೆಲೆಗೆ ರಬ್ಬರ್ ಶೀಟು ಎಂಬ ಸೈಟು ಕಂಡು
ನಾಲ್ಕು ಸಾವಿರದ ಎಂಟುನೂರು ಕಟ್ಟಿದೆ.
ಶೀಟು ಇವತ್ತಿಗೂ ಬಂದಿಲ್ಲ. ಹೆಂಡತಿಗೆ ಹೇಳಿಲ್ಲ.
ದೇವೀರಮ್ಮನಿಗೆ ಹೇಳಿದೆ.

ಅವಳು ಫೋನು ಮಗುಚಿಟ್ಟು
ಸೆರಗಲ್ಲಿ ಬೆರಳು ಒರೆಸಿಕೊಂಡಳು.
ಬ್ಯಾಂಕಿಗೇ ಹೋಗಿ ಕೇಳ್ತೀನಿ, ಇಲ್ಲೇ ಅಲ್ಲವಾ.
ಎದ್ದವಳು ಮತ್ತೆ ಕೂತಳು:
"ಆದರೂ ಕೆಂಪಕ್ಷರದಲ್ಲಿ ತುರ್ತು ಅಂತಿತ್ತಲ್ಲಣ್ಣ?"

ಡಬ್ಬಿಯಿಂದ ಒಂದು ಮೊಹರು ತೆಗೆದು
ಕೆಂಪು ಮಸಿಗೆ ತಾಗಿಸಿ ಅವಳ ರಸೀದಿಯ ಮೇಲೆ ಒತ್ತಿದೆ.
ತುರ್ತು.
ನೋಡಮ್ಮ, ಇದು ನಾನು ಮಾಡೋದೇ.
ಅರವತ್ತು ರೂಪಾಯಿ.
ಯಾರು ಕೇಳಿದರೂ ಕೊಡ್ತೀನಿ,
ಅಧಿಕಾರಪತ್ರ ಕೇಳಲ್ಲ.