ತಡವಾದ ಚಪ್ಪಾಳೆ

ಟೊಲೀಡೊ ನಗರದ ಹದಿನೇಳನೇ ನಂಬರಿನ ಹಿಮ ಬಗೆಯುವ ಗಾಡಿಯಲ್ಲಿ
ರೇಡಿಯೊ ಸತ್ತು ಮೂರು ಚಳಿಗಾಲ.
ಕ್ಯಾಸೆಟ್ಟಿನ ಬಾಯಿ ಮಾತ್ರ ಇನ್ನೂ ತೆರೆಯುತ್ತದೆ.
ನನಗಿಂತ ಮುಂಚೆ ಇದನ್ನು ಓಡಿಸುತ್ತಿದ್ದ ಓರ್ವಿಲ್
ನಿವೃತ್ತನಾಗುವಾಗ ಸೀಟಿನಡಿ ಬಿಟ್ಟು ಹೋದದ್ದು
ಒಂಟಿ ಕೈಗವಸು, ಕಲ್ಲಾದ ಕಿತ್ತಳೆ ಸಿಪ್ಪೆ
ಮತ್ತೆ ಹೆಸರು ಅಳಿಸಿಹೋದ ಒಂದು ಕ್ಯಾಸೆಟ್ಟು.

ಜನವರಿ. ಬೆಳಗಿನ ಜಾವ ಮೂರೂವರೆ.
ಲಗ್ರೇಂಜ್ ಬೀದಿಯುದ್ದ ಉಪ್ಪು ಚೆಲ್ಲುತ್ತಿದ್ದೆ.
ತೂಕಡಿಕೆ ತಡೆಯಲೆಂದು ಅದನ್ನು ಒಳಗೆ ತೂರಿದೆ.
ಮೊದಲು ಬರೀ ಸುಸ್ಸೆನ್ನುವ ಸದ್ದು, ಯಾರೋ ಕೆಮ್ಮಿದ್ದು,
ಒಂದು, ಎರಡು ಎಂದೆಣಿಸಿ
ಮೂರು ಹೇಳುವ ತಾಳ್ಮೆಯಿಲ್ಲದೆ
ಹನ್ನೆರಡು ತಂತಿಯ ಗಿಟಾರು
ಚಮಚದ ಡಬ್ಬಿ ಮೆಟ್ಟಿಲಿಂದ ಉರುಳಿದ ಹಾಗೆ
ಝಣಝಣ ಬಿತ್ತು ನನ್ನ ಮಡಿಲಿಗೆ.

ಹಾಡೇನು ಮಹಾ? ಸೈಕಲ್ ಪಂಪು ಎರವಲು ಒಯ್ದವಳು
ವಾಪಸು ಕೊಡಲಿಲ್ಲ, ಅಷ್ಟೇ.
ಅಳುವ ಮಾತಿಗೆ ಕುಣಿಯುವ ಅಂಗಿ ತೊಡಿಸಿದ್ದ.
ಎರಡು ನಿಮಿಷ ನಲವತ್ತು ಸೆಕೆಂಡಿನಲ್ಲಿ
ಪ್ರೀತಿ ಹುಟ್ಟಿ, ಗಾಳಿ ಹೋಗಿ, ಮುಗಿದು,
ಮತ್ತೆ ಪಲ್ಲವಿಗೆ ಎದ್ದು ನಿಂತಿತ್ತು.
ಆ ಪಲ್ಲವಿಯಲ್ಲಿ ನಾಲ್ಕು ಚಪ್ಪಾಳೆ.
ಎರಡನೇ ಸಲ ಬರುವಾಗ ಒಂದು ಚಪ್ಪಾಳೆ,
ಒಂದೇ ಒಂದು,
ತಡ.

ಆ ತಡಕ್ಕೆ ನಾನು ಬಿದ್ದೆ.
ಐವತ್ತೊಂದನೇ ವಯಸ್ಸಿಗೆ, ಎರಡು ಸ್ವೆಟರಿನೊಳಗೆ.
ಅವತ್ತು ಅದೇ ಬೀದಿಯನ್ನು ಮೂರು ಸಲ ಬಗೆದೆ,
ಡಾಂಬರು ಹೊಳೆಯುವಷ್ಟು.

ನಾದಿನಿಗೆ ಕೇಳಿಸಿದೆ. "ಟೂತ್‌ಪೇಸ್ಟಿನ ಜಾಹೀರಾತೇ?" ಅಂದಳು.
ಊರಿಗೆಲ್ಲ ಸಾರಬೇಕು ಅಂತಲೂ ಆಸೆ,
ಯಾರ ಕಿವಿಗೂ ಬೀಳದಿರಲಿ ಅಂತಲೂ.
ಓರ್ವಿಲ್‌ಗೆ ಫೋನು ಮಾಡಿದೆ: "ಓ, ಅವನಾ,
ನಮ್ಮ ಕ್ಲೆಮ್ ಬಾರ್ಟೋಷ್. ಎರಡು ರೆಕಾರ್ಡು ಮಾಡಿದ.
ಮುನ್ನೂರು ಪ್ರತಿ. ಕಂಪನಿ ಮುಳುಗಿತು.
ಪವರ್ ಪಾಪ್ ಅಂತಾರೆ ಅದಕ್ಕೆ. ಪವರೂ ಇಲ್ಲ, ಪಾಪದವನು."

ಮೌಮಿಯಲ್ಲಿ, ಯಾರದೋ ಗರಾಜಿನ ಹಳೇ ಸಾಮಾನಿನ ಮಾರಾಟದಲ್ಲಿ
ಮುನ್ನೂರರಲ್ಲೊಂದು ಸಿಕ್ಕಿತು.
ಮಕ್ಕಳ ಪ್ಲಾಸ್ಟಿಕ್ ಈಜುಕೊಳದಲ್ಲಿ ಬೂಟು ಹಾಕಿ ನಿಂತಿದ್ದಾನೆ ಮುಖಪುಟದಲ್ಲಿ,
ಕೂದಲು ಹಣೆಗೆ, ಗಿಟಾರು ಮೊಣಕಾಲಿಗೆ.
ನಾಲ್ಕು ಡಾಲರು ಅಂದರು.
ನಲವತ್ತು ಕೊಡುವವಳು ನಾನು, ಕೈ ನಡುಗುವುದು ಕಾಣದಿರಲೆಂದು
ಬೇಡದ ಒಂದು ಟೋಸ್ಟರನ್ನೂ ಕೊಂಡೆ.

ಈಗ ಅವನು ಸಿಲ್ವೇನಿಯಾ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ
ಬೀಗದಕೈ ಕೊರೆಯುತ್ತಾನೆ.
ಮಾರ್ಚಿನ ಒಂದು ಮಂಗಳವಾರ ಹೋದೆ.
ನಕಲು ಬೇಕಾದ ಬೀಗ ನನ್ನ ಮನೆಯಲ್ಲಿ ಯಾವುದೂ ಇರಲಿಲ್ಲ.
"ಎಷ್ಟು ಪ್ರತಿ?" ಕನ್ನಡಕದ ಮೇಲಿಂದ ನೋಡಿದ.
"ಒಂದು."
ಯಂತ್ರ ಕಿರುಚಿತು, ಹಿತ್ತಾಳೆಯ ಪುಡಿ ಉದುರಿತು,
ಅವನು ಬೆರಳಿನಿಂದ ಒರೆಸಿ ಊದಿದ.
ಹಾಡಿನ ಬಗ್ಗೆ, ಬಯಲಾದ ಹದಿಹರೆಯದ ಬಗ್ಗೆ,
ಮೂರು ಸಲ ಬಗೆದ ಬೀದಿಯ ಬಗ್ಗೆ
ಮಾಡಿಕೊಂಡು ಬಂದ ಮಾತೆಲ್ಲ ಗಂಟಲಲ್ಲೇ ಹೆಪ್ಪುಗಟ್ಟಿ
ಬಾಯಿಗೆ ಬಂದದ್ದು ಇಷ್ಟೇ:
"ಎರಡನೇ ಪಲ್ಲವಿಯಲ್ಲಿ ತಡವಾಗಿ ತಟ್ಟಿದವರು ಯಾರು?"

ಬಹಳ ಹೊತ್ತು ಸುಮ್ಮನಿದ್ದ.
ಹಿಂದೆ ಒಬ್ಬಾತ ಮೊಳೆಯ ಪೊಟ್ಟಣ ಹಿಡಿದು ಕಾಯುತ್ತಿದ್ದ.
"ನಾನೇ. ಅಮ್ಮನ ನೆಲಮಾಳಿಗೆ, ರಾತ್ರಿ ಎರಡು ಗಂಟೆ.
ನಾಲ್ಕು ಜನರಾಗಿ ನಾನೊಬ್ಬನೇ ತಟ್ಟಿದೆ.
ನಾಲ್ಕನೆಯವನಿಗೆ ನಿದ್ದೆ ಬಂದಿತ್ತು."
ಮತ್ತೆ, "ಎರಡೂವರೆ ಡಾಲರು."

ಆ ಕೈ ಈಗ ಗಾಡಿಯ ಕನ್ನಡಿಗೆ ನೇತುಬಿದ್ದಿದೆ.
ಟೇಪು ಸವೆದಿದೆ, ಸೇತುವೆ ದಾಟುವಾಗ ಅವನ ದನಿ
ನೀರಲ್ಲಿ ಮುಳುಗಿ ಏಳುತ್ತದೆ.
ರೆಕಾರ್ಡು ಮನೆಯಲ್ಲಿ ಚೊಕ್ಕವಾಗಿದೆ, ಆದರೂ ಇದೇ ಬೇಕು.
ಎರಡನೇ ಪಲ್ಲವಿಗೆ, ನಿಯಮಕ್ಕೆ ವಿರುದ್ಧ,
ಸ್ಟೇರಿಂಗಿನಿಂದ ಎರಡೂ ಕೈ ಎತ್ತುತ್ತೇನೆ.
ಹನ್ನೊಂದು ಟನ್ನಿನ ಗಾಡಿ, ಹಿಂದೆ ಉಪ್ಪು, ಮುಂದೆ ಬಿಳುಪು.
ಮೂವರು ತಟ್ಟುತ್ತಾರೆ. ಕಾಯುತ್ತೇನೆ.