ನಾಲ್ಕು ಡಿಗ್ರಿ

ಐದೂಕಾಲಿಗೆ ಡೇರಿ ಬಾಗಿಲು ತೆಗೆಯುತ್ತೇನೆ.
ನಾಲೆಯಿಂದೆದ್ದ ಮಂಜು ಕಬ್ಬಿನ ಗರಿಗಳಲ್ಲಿ
ದಾರಿ ತಪ್ಪಿ ನಿಂತಿರುತ್ತದೆ.
ಹದಿನಾಲ್ಕು ವರ್ಷದಿಂದ ಇದೇ ಕೆಲಸ:
ಲ್ಯಾಕ್ಟೋಮೀಟರು ಮುಳುಗಿಸಿ, ತೇಲಿದ್ದನ್ನು ಓದಿ,
ಎಷ್ಟು ಹಸುವಿನದು ಎಷ್ಟು ನಲ್ಲಿಯದು ತಿಳಿದೂ
ಬಾಯಿ ಬಿಡದೆ ಬರೆದುಕೊಳ್ಳುವುದು.

ಹೋದ ಮಾಗಿಯಲ್ಲಿ ಬೆರಳ ತುದಿಗಳು
ನೇರಳೆಹಣ್ಣು ತಿಂದವರ ನಾಲಿಗೆಯಾದವು.
ಬೆಳಗಿನ ಉಚ್ಚೆ ಡಿಕಾಕ್ಷನ್ನಿನ ಬಣ್ಣ. ಕಣ್ಣು ಹಳದಿ.
ಕಾಮಾಲೆಯೆಂದು ನನ್ನತ್ತೆ ಕೆಂಪಾಜಮ್ಮ
ಒಂಬತ್ತು ದಿನ ನೆಲನೆಲ್ಲಿ ಅರೆದು ಕುಡಿಸಿದಳು.
ಡೇರಿಯ ನಾಲ್ಕು ಮೆಟ್ಟಿಲು ಮೇಲುಕೋಟೆ ಬೆಟ್ಟವಾಗಿ
ನಡುವೆ ಎರಡು ಸಲ ಕೂತೆ.

ಮಂಡ್ಯದಲ್ಲಿ ತೆಗೆದ ರಕ್ತ ಕೊಳವೆಯಲ್ಲೇ ಗಂಟುಕಟ್ಟಿತು.
"ಸ್ಯಾಂಪಲ್ ಕೆಟ್ಟಿದೆ, ಇನ್ನೊಮ್ಮೆ ಬನ್ನಿ."
ಇನ್ನೊಮ್ಮೆ ಹೋದೆ. ಇನ್ನೊಮ್ಮೆ ಕೆಟ್ಟಿತು.
ಸ್ಯಾಂಪಲ್ ಕೆಟ್ಟಿದೆಯೆಂದು ನಾನೆಷ್ಟು ಜನರನ್ನು ವಾಪಸು ಕಳಿಸಿಲ್ಲ!
ಬೋರಲಿಂಗಣ್ಣ ನೆನಪಾದ,
ಕ್ಯಾನು ಎತ್ತಿಕೊಂಡು ಮಾತಾಡದೆ ಹೋಗಿದ್ದ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಸಬೀಹಾ ಎಂಬ ಹುಡುಗಿ
ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ನಿಂತಳು.
ಹೊರಗೆ ಯಾರೋ ಸೀಬೆಹಣ್ಣು ಕೂಗುತ್ತ
ಗೇಟು ದಾಟಿ ಹೋಗುವಷ್ಟು ಹೊತ್ತು.
ಆಮೇಲೆ ಬೆಳಕಿಗೆ ಓರೆ ಮಾಡಿ ತೋರಿಸಿದಳು:
"ನೋಡಿ ಅಕ್ಕಾ, ಗಂಟು ಬಿಡ್ತು.
ನಿಮ್ಮ ರಕ್ತ ಕೆಟ್ಟಿಲ್ಲ. ಅದಕ್ಕೆ ಚಳಿ."

ಡಾಕ್ಟರು ಹಾಳೆಯ ಮೇಲೆ ದುಂಡುದುಂಡು ಬರೆದರು.
ಮೈ ಕಾಯಬೇಕಾದವೇ ಇವನ್ನು ಹಗೆಯೆಂದು ಹಿಡಿಯುತ್ತವಂತೆ,
ತಣ್ಣಗಾದಷ್ಟೂ ಹಿಡಿತ ಗಟ್ಟಿ,
ಸಿಕ್ಕಿದ್ದು ಒಡೆಯುತ್ತದಂತೆ.
ಒಡೆಯುವುದು. ಆ ಮಾತು ನನಗೆ ಹೊಸದಲ್ಲ.
ಒಡೆದ ಹಾಲನ್ನು ಮುಚ್ಚಳ ತೆಗೆಯುವ ಮೊದಲೇ ಹೇಳಬಲ್ಲೆ.
ಆದರೆ ಹಾಲು ಬಿಸಿಲಿಗೆ ಒಡೆಯುತ್ತದೆ,
ನಾನು ಮಂಜಿಗೆ.

"ಬೇಲಿನೇ ಎದ್ದು ಹೊಲ ಮೇಯ್ತು ಕಣವ್ವ" ಅಂದಳು ಅತ್ತೆ.
ಇರಬಹುದು. ಆದರೆ ಈ ಬೇಲಿಗೆ ಹಸಿವಿಲ್ಲ,
ಗುರುತು ತಪ್ಪಿದೆ.
ನಮ್ಮ ಕರಿಯನೂ ಒಂದಿರುಳು ಹಾಗೇ,
ಕಂಬಳಿ ಹೊದ್ದು ಬಂದ ನನ್ನ ಗಂಡನ ಮೀನಖಂಡ ಕಚ್ಚಿ
ಆಮೇಲೆ ಮೂರು ದಿನ ಊಟ ಬಿಟ್ಟಿತ್ತು.

ಈಗ ಎರಡು ಜೊತೆ ಕಾಲುಚೀಲ, ಕುಲಾವಿ,
ಸಂತೆಯಲ್ಲಿ ಕೊಂಡ ಹಸಿರು ಕೈಗವಸು. ಪೆನ್ನು ಜಾರುತ್ತದೆ.
ದಿನಕ್ಕೊಂದು ಹಳದಿ ಮಾತ್ರೆ.
ಎರಡು ಬಾಟಲಿ ರಕ್ತವನ್ನೂ ಬೆಚ್ಚಗೆ ಮಾಡಿಯೇ ಏರಿಸಿದರು,
ಯಾರದೋ, ನಮ್ಮೂರ ಹೆಸರೂ ಕೇಳದವರದು.
ಮದುವೆಮನೆಯಲ್ಲಿ ಐಸ್‌ಕ್ರೀಮ್ ಬೇಡವೆಂದರೆ
ಸಕ್ಕರೆ ಕಾಯಿಲೆಯಾ ಅನ್ನುತ್ತಾರೆ. ಹೂಂ ಅನ್ನುತ್ತೇನೆ.
ನನ್ನದರ ಹೆಸರು ಹೇಳಿ ಮುಗಿಸುವಷ್ಟರಲ್ಲಿ
ಪಂಕ್ತಿ ಎದ್ದಿರುತ್ತದೆ.

ಒಮ್ಮೆ ಹತ್ತು, ಒಮ್ಮೆ ಆರೂವರೆ.
ಪರೀಕ್ಷೆ ಮಾಡಿಸಿ ಬಂದ ದಿನ ಗಂಡ ಕೇಳುತ್ತಾನೆ,
ಫ್ಯಾಟು ಕೇಳುವವರ ದನಿಯಲ್ಲಿ: "ಎಷ್ಟು ಬಂತು?"
ಏಳರ ದಿನಗಳಲ್ಲಿ ಸಿಟ್ಟೂ ಏಳುವುದಿಲ್ಲ,
ಗೋಡೆಗೊರಗಿ ಅವರಿವರ ಪಾಸ್‌ಬುಕ್ಕು ಬರೆಯುತ್ತೇನೆ.

ಹಿಂದಿನ ಕೋಣೆಯಲ್ಲಿ ತಂಪು ಟ್ಯಾಂಕು ಗುಂಯ್‌ಗುಡುತ್ತದೆ.
ಹಾಲಿಗೆ ನಾಲ್ಕು ಡಿಗ್ರಿ.
ಅದರ ಕೀಲಿ ಈಗ ಚೆಲುವಿಯ ಸೊಂಟದಲ್ಲಿ.
ಅವಳು ಬಾಗಿಲು ತೆರೆದರೆ
ನನ್ನ ಕಿವಿಗೆ ಗೊತ್ತಾಗುತ್ತದೆ.

ಮೊನ್ನೆ ಬೋರಲಿಂಗಣ್ಣ ಬಂದ.
ಆಗತಾನೆ ಕರೆದದ್ದು, ಚೊಂಬು ಬಿಸಿಯಾಗಿತ್ತು.
ಗವಸು ಕಳಚಿ ಎರಡೂ ಕೈಯಲ್ಲಿ ಹಿಡಿದುಕೊಂಡೆ.
ಹಿಂದೆ ಸಾಲು ಬೆಳೆಯಿತು, ಯಾರೋ ಕೆಮ್ಮಿದರು.
"ಯಾಕವ್ವ, ನೀರು ಉಯ್ದಿವ್ನಿ ಅಂತನಾ?"
"ಇಲ್ಲ ಕಣಣ್ಣ," ಅಂದೆ,
"ವಸಿ ತಡಿ."