ಲಗೇಜು ಒಂದು

ಬಳ್ಳಾರಿಯಿಂದ ರಾಯಚೂರಿಗೆ ಎಷ್ಟು ದೂರ
ಅಂತ ಕೇಳಿದರೆ ನಾನು ಮಷೀನು ನೋಡುವುದಿಲ್ಲ.
ತೆಕ್ಕಲಕೋಟೆಗೆ ಬಾಟಲಿ ನೀರು ಅರ್ಧ,
ಸಿರುಗುಪ್ಪಕ್ಕೆ ಮೊದಲ ಚಾ,
ದಢೇಸುಗೂರು ಸೇತುವೆ ಮೇಲೆ
ಹೊಳೆಗೆ ಚಿಲ್ಲರೆ ಎಸೆಯುವ ಮುದುಕಿಯರು
(ನನಗೆ ಕೊಡಲು ಮಾತ್ರ ಅವರ ಹತ್ತಿರ ಚಿಲ್ಲರೆ ಇರುವುದಿಲ್ಲ),
ಸಿಂಧನೂರಲ್ಲಿ ಊಟ, ಮಾನ್ವಿಯಲ್ಲಿ ಸೀಟಿನ ಜಗಳ,
ಆಮೇಲೆ ರಾಯಚೂರು.
ನೂರಾ ತೊಂಬತ್ತರ ಆಸುಪಾಸು.
ಎಂಟು ವರ್ಷ ನಿಂತೇ ಹೋಗಿದ್ದೇನೆ.

ಕೌಲ್ ಬಜಾರಿನ ದಸ್ತಗೀರಸಾಬ ಒಪ್ಪುತ್ತಿರಲಿಲ್ಲ.
"ಅದು ಗಾಲಿ ಲೆಕ್ಕ ಅಕ್ಕಾ.
ರೆಕ್ಕಿಗೆ ನೂರಾ ಮೂವತ್ತೂ ತುಂಬಂಗಿಲ್ಲ."
ತೊಡೆಯ ಮೇಲೆ ಬಿದಿರಬುಟ್ಟಿ,
ಒಳಗೆ ಗಂಟಲಲ್ಲೇ ಮಾತಾಡುವ ಬೂದು ಪಾರಿವಾಳ,
ಕಾಲಿಗೆ ಹಸಿರು ಉಂಗುರ. ಹೆಸರು ಚಾಂದನಿ.
ಬುಟ್ಟಿಗೆ ಲಗೇಜು ಹರಿದೆ. ತಕರಾರಿಲ್ಲದೆ ಕೊಟ್ಟ.

ರಾಯಚೂರು ಕೋಟೆ ಗೋಡೆಯ ಹತ್ತಿರ ಬಿಡುತ್ತಾನಂತೆ.
ಎರಡು ಸುತ್ತು ಹಾಕಿ ತೆಂಕಣಕ್ಕೆ ಮುಖ ಮಾಡಿತೆಂದರೆ
ಮಾನ್ವಿ ಬೇಡ, ಸಿಂಧನೂರು ಬೇಡ,
ಪರ್ಮಿಟ್ಟಿಲ್ಲದೆ ಆಂಧ್ರದ ಹೊಲಗಳ ಮೇಲೆ ಹಾದು
ಸೀದಾ ಮನೆಯ ಮಾಳಿಗೆ.
ಇವನು ಖಾಲಿ ಬುಟ್ಟಿ ಹಿಡಿದು ನಮ್ಮ ಬಸ್ಸಿಗೆ.
ಸಿಂಧನೂರು ಮುಟ್ಟುವಷ್ಟರಲ್ಲಿ ಮಗಳು ನಗ್ಮಾ ಫೋನು:
"ಅಬ್ಬಾ, ಬಂತು."
ಅವತ್ತು ನನಗೂ ಡ್ರೈವರ್ ಯಂಕೋಬನಿಗೂ ಹುರಿದ ಶೇಂಗಾ.

"ಹಂಗಾರ ಬಳ್ಳಾರಿಯಿಂದ ರಾಯಚೂರಿಗೂ ಹಾರಿಸು, ಬಸ್ ಚಾರ್ಜು ಉಳೀತದ."
"ಹೋಗಂಗಿಲ್ಲಕ್ಕಾ. ಅದಕ್ಕ ಮನಿ ಒಂದೇ ಗೊತ್ತು.
ಗಾಳಿ ದಾರಿ ಬರಾಕಷ್ಟೇ ಐತಿ,
ಹೋಗಾಕ ನಿಮ್ಮ ಬಸ್ಸೇ ಬೇಕು."
ಆ ರಾತ್ರಿ ಡಿಪೋದಲ್ಲಿ ವೇಬಿಲ್ ಕೂಡಿಸುತ್ತ
ಮೂರು ಸಲ ತಪ್ಪಿದೆ.

ಭತ್ತದ ಕೊಯ್ಲಿನ ಹೊತ್ತಿಗೆ ಒಂದು ದಿನ
ಸಿಂಧನೂರಲ್ಲಿ ಫೋನು ಬರಲಿಲ್ಲ.
ಸೇತುವೆ ಮೇಲೆ ಅವನು ಕಿಟಕಿಯಾಚೆ ತಲೆ ಹಾಕಿ
ಮೋಡ ನೋಡುತ್ತಿದ್ದ.
"ತಲಿ ಒಳಗ ತೊಗೋ" ಅಂತ ಬೈಯಬೇಕಿತ್ತು.
ಬೈಯಲಿಲ್ಲ.
ಬಳ್ಳಾರಿ ಬಂದು ಎಲ್ಲರೂ ಇಳಿದ ಮೇಲೂ
ಬುಟ್ಟಿಯ ಮುಚ್ಚಳ ತೆಗೆಯುತ್ತ, ಹಾಕುತ್ತ ಕೂತಿದ್ದ.

ಐದನೇ ದಿನ, ಸಿರುಗುಪ್ಪ ಸ್ಟ್ಯಾಂಡು.
ಸೀಟಿ ಊದಿ ಯಂಕೋಬನಿಗೆ ರಿವರ್ಸು ಹೇಳುತ್ತಿದ್ದೆ,
ಬರ್ರಿ, ಬರ್ರಿ, ಬರ್ರಿ,
ಹೋಲ್ಡಾನ್!
ಹಿಂದಿನ ಗಾಲಿಯ ಪಕ್ಕ ಚೆಲ್ಲಿದ ಮಂಡಾಳು ಹೆಕ್ಕುತ್ತ
ಹಸಿರು ಉಂಗುರ.
ಎಡರೆಕ್ಕೆ ಜೋತುಬಿದ್ದಿದೆ.
ಕೈ ಚಾಚಿದರೆ ಓಡಲಿಲ್ಲ.
ನಮ್ಮ ಗಾಡಿಯ ಸಪ್ಪಳ ಅದಕ್ಕೂ ಗುರುತಾಗಿತ್ತೋ ಏನೋ.

ಟವೆಲು ಹಾಸಿ ಬ್ಯಾಗಿನೊಳಗೆ ಇಟ್ಟುಕೊಂಡೆ.
ಚೆಕಿಂಗಿನವರು ಹತ್ತಿದರೆ ಅಂತ
ನನ್ನ ದುಡ್ಡಲ್ಲೇ ಹರಿದೆ:
ಸಿರುಗುಪ್ಪ, ಬಳ್ಳಾರಿ, ಲಗೇಜು ಒಂದು.
ಒಂದೊಂದು ತಗ್ಗಿಗೂ
ಅದು ಗಂಟಲಲ್ಲೇ ರಸ್ತೆಯನ್ನು ಬೈಯಿತು.

ದಸ್ತಗೀರಸಾಬ ರೆಕ್ಕೆ ಬಿಡಿಸಿ ನೋಡಿದ,
ಕೊಕ್ಕಿಗೆ ಊದಿದ,
ಆಮೇಲೆ ಟಿಕೆಟ್ ಇಸಕೊಂಡು
ಸಣ್ಣಗೆ ಮಡಚಿ ಟೊಪ್ಪಿಗೆಯೊಳಗೆ ಸಿಕ್ಕಿಸಿದ.
"ಓಣಿಯವರ ಮುಂದ ಹೇಳಬ್ಯಾಡ ಅಕ್ಕಾ,
ಬಸ್ಸಿನ್ಯಾಗ ಬಂತು ಅಂತ."